ರೋಜಿ ಅಕ್ಕ ಕೈಬಿಟ್ಟ ಡಾವು

ಪ್ಲಾಸ್ಟರಿನೊಳಗೆ ಕೆರೆತ ಬಂದರೆ ಕಸಬರಿಗೆಯ ಕಡ್ಡಿಯನ್ನು ಮೊಣಕೈ ಕಡೆಯಿಂದ ತೂರಿಸಬೇಕು. ಅಂಗೈ ಕಡೆಯಿಂದ ತೂರಿಸಿದರೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿ ಮುರಿಯುತ್ತದೆ. ಇದನ್ನು ಕಂಡುಕೊಂಡವಳು ರೋಜಿ ಅಕ್ಕ. ಆ ಬೇಸಿಗೆಯಲ್ಲಿ ದಿನಾ ಸಂಜೆ ನಮ್ಮ ಮನೆಗೆ ಬಂದು, ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಮೆಲ್ಲಗೆ ಕೆರೆಯುತ್ತಿದ್ದಳು. ಆ ಕೈ ಮುರಿದವಳೂ ಅವಳೇ ಎಂದು ಓಣಿಯವರು ಹೇಳುತ್ತಿದ್ದರು.

ಆಗಿನ ಹಳಿಯಾಳದಲ್ಲಿ ನಮ್ಮಂಥ ಕೆಲವು ಹುಡುಗಿಯರಿಗೆ ಬೆಳಗಾಗುತ್ತಿದ್ದದ್ದು ತಾಲೀಮಿನಲ್ಲಿ, ಕುಸ್ತಿಯ ಗರಡಿಯಲ್ಲಿ. ಎಣ್ಣೆ, ಅರಿಸಿನ, ಮಜ್ಜಿಗೆ ಕುಡಿದ ಕೆಂಪು ಮಣ್ಣಿನ ವಾಸನೆ ಸಾಲೆಯ ಬೆಂಚಿನವರೆಗೂ ಜೊತೆಗೆ ಬರುತ್ತಿತ್ತು. ನಾನು ಎಂಟನೆಯ ತರಗತಿ. ಸಾಂಬ್ರಾಣಿಯ ಸಿದ್ದಿ ಹುಡುಗಿ ರೋಜಿ ಅಕ್ಕ ಪಿಯುಸಿ. ವಯಸ್ಸಿಗೆ ಮೀರಿ ಬೆಳೆದಿದ್ದ ನಾನು ತೂಕದಲ್ಲಿ ಅವಳಿಗೆ ಸರಿಸಮ. ಹಾಗಾಗಿ ಅಭ್ಯಾಸಕ್ಕೆ ನಾನೇ ಅವಳ ಜೋಡಿ. ಎದುರಾಳಿಯ ತೋಳು ಹಿಡಿದು, ಒಗೆಯುವ ಬಟ್ಟೆಯ ಹಾಗೆ ಹೆಗಲ ಮೇಲಿಂದ ನೆಲಕ್ಕೆ ಎತ್ತಿ ಹಾಕುವ ಧೋಬಿ ಡಾವು ಅವಳಿಗೆ ಒಲಿದಿತ್ತು.

‘ಈ ಡಾವಿನ ಮ್ಯಾಲೆ ರೋಜಿ ಇಂಡಿಯಾ ಟೀಮಿಗೆ ಹೋಗ್ತಾಳ, ಬರದಿಟ್ಕೋರಿ’ ಎನ್ನುತ್ತಿದ್ದರು ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು. ಮಳೆ ಹಿಡಿಯುವ ಹೊತ್ತಿಗೆ ರಾಜ್ಯದ ಆಯ್ಕೆ. ಅಲ್ಲಿ ಗೆದ್ದರೆ ರಾಷ್ಟ್ರದ ಕಿರಿಯ ಮಹಿಳಾ ತಂಡದ ಶಿಬಿರ.

ಎತ್ತಿಸಿಕೊಂಡು ಬೀಳುವವರಿಗೆ ವಸ್ತಾದರು ಕಲಿಸಿದ್ದು ಒಂದೇ ಮಾತು: ‘ಬೀಳೂಮುಂದ ಕೈ ಊರಬ್ಯಾಡ. ಕೈ ಎದಿಗೆ, ಗದ್ದ ಒಳಗ.’ ಅದೊಂದು ಬೆಳಿಗ್ಗೆ ನಾನು ಗಾಳಿಯಲ್ಲಿದ್ದಾಗ ಯಾಕೋ ಹೆದರಿ ಕೈ ಊರಿದೆ. ಒಣ ಕಡ್ಡಿ ಮುರಿದಂಥ ಸದ್ದು ನನಗಿಂತ ಮೊದಲು ರೋಜಿ ಅಕ್ಕನಿಗೆ ಕೇಳಿಸಿತು.

ಆಸ್ಪತ್ರೆಯ ವರಾಂಡದಲ್ಲಿ ಅಮ್ಮಿ ಅವಳಿಗೆ ಹೇಳಿದ್ದು ಇಷ್ಟೇ: ‘ನನ್ನ ಮಗಳನ್ನ ಒಗಿಯೂ ಅರಿವಿ ಅಂತ ತಿಳಕೊಂಡಿದ್ದಿಯೇನ?’



ಮರುದಿನದಿಂದ ಅವಳ ಸಂಜೆಯ ಭೇಟಿ ಶುರುವಾಯಿತು. ಮುತ್ತುಗದ ಎಲೆಯಲ್ಲಿ ಕವಳಿ ಹಣ್ಣು, ಒಮ್ಮೆ ಜೇನು, ಒಮ್ಮೆ ಅವರವ್ವ ಅರೆದ ಕೆಂಪಿರುವೆ ಚಟ್ನಿ. ‘ಎಲುಬು ಲಗೂ ಕೂಡ್ತಾವಂತ, ತಿನ್ನು.’ ಹುಳಿಗೆ ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು. ಅಮ್ಮಿಯೂ ಕರಗಿ ಅವಳಿಗೆ ಚಹಾ ಕೊಡತೊಡಗಿದಳು.

‘ಅಕ್ಕಾ, ನಿಂದೇನೂ ತಪ್ಪಿಲ್ಲ. ಕೈ ಊರಿದ್ದು ನಾನು’ ಎಂದು ಎಷ್ಟೋ ಸಲ ಹೇಳಿದೆ.

‘ನೀ ಶಾಣ್ಯಾಕಿ ಅದಿ ನೂರಿ. ನನ್ನ ಸಮಾಧಾನಕ್ಕ ಹೇಳ್ತಿ.’

‘ಖರೇನ ಅಕ್ಕಾ. ವಸ್ತಾದರನ್ನ ಕೇಳು.’

‘ಅವರು ಹೇಳ್ತಾರ ಬಿಡು. ಅವರಿಗೆ ನಾ ಗೆಲ್ಲಬೇಕು.’

ತಾಲೀಮಿನಲ್ಲಿ ಅವಳು ಬೇರೆ ಜೋಡಿಯ ಕಾಲು ಹಿಡಿಯುತ್ತಾಳೆ, ಸೊಂಟ ಹಿಡಿಯುತ್ತಾಳೆ, ಹೆಗಲಿಗೆ ಮಾತ್ರ ಏರಿಸುತ್ತಿಲ್ಲ ಎಂದು ಹುಡುಗಿಯರು ಬಂದು ಹೇಳುತ್ತಿದ್ದರು. ನನ್ನ ಪ್ಲಾಸ್ಟರ್ ಅವಳ ಕಣ್ಣಿಗೆ ಬೀಳದಿರಲೆಂದು ದುಪಟ್ಟಾ ಮುಚ್ಚಿಕೊಂಡು ಕೂರುತ್ತಿದ್ದೆ. ಅವಳು ಅದನ್ನು ಸರಿಸಿ ಕಡ್ಡಿ ತೂರಿಸುತ್ತಿದ್ದಳು.

ಅವಳು ಆಯ್ಕೆಗೆ ಹೋದ ವಾರವೇ ಪ್ಲಾಸ್ಟರ್ ಬಿಚ್ಚಿದರು. ಕೈ ತೆಳ್ಳಗೆ, ಬೂದಿ ಬಣ್ಣಕ್ಕಿತ್ತು. ಆದರೂ ಪೂರ್ತಿ ಚಾಚಲು ಬರುತ್ತಿತ್ತು. ಅವಳಿಗೆ ತೋರಿಸಬೇಕೆಂದು ಕಾದೆ.

ಅವಳು ಸೋತು ಬಂದಳು. ಸುದ್ದಿ ತಂದ ವಸ್ತಾದರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಯಾರಿಗೆಂದಿಲ್ಲದೆ ಹೇಳಿದರು: ‘ಕಡೀ ಕುಸ್ತಿ. ಆ ಹುಡುಗಿ ಇಕಿ ಹೆಗಲಮ್ಯಾಲೆ ಬಂದಿದ್ಲು. ಎತ್ತಿ ಹಾಕೂದಷ್ಟ ಉಳದಿತ್ತು. ಇಳಿಸಿಬಿಟ್ಲು, ಕೂಸಿನ್ನ ಇಳಿಸಿದಂಗ.’

ಸಂಜೆ ರೋಜಿ ಅಕ್ಕ ಬಂದಳು. ನಾನು ಕೈ ಚಾಚಿ, ಮುಷ್ಟಿ ಹಿಡಿದು, ಬಿಚ್ಚಿ ತೋರಿಸಿದೆ. ಅವಳು ಮಣಿಕಟ್ಟನ್ನು ಒತ್ತಿ ಒತ್ತಿ ನೋಡಿದಳು.

‘ಯಾಕ ಬಿಟ್ಟಿ ಅಕ್ಕಾ?’

‘ಆಕಿ ಕೈ ನೆಲದ ಕಡೆ ಹೋತು’ ಎಂದಳು. ‘ನಂಗ ನಿನ್ನ ಕೈನ ಕಂಡ್ತು.’

ಆಮೇಲೆ ಅವಳು ಕುಸ್ತಿ ಬಿಟ್ಟಳು. ಈಗ ದಾಂಡೇಲಿಯ ರೆಸಾರ್ಟ್ ಒಂದರಲ್ಲಿ ಅಡಿಗೆಗಿದ್ದಾಳೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿದೆ. ಹಳಿಯಾಳದ ಆ ಮಣ್ಣಿನ ಮೇಲೆ ಈಗ ಮ್ಯಾಟು ಹಾಸಿದ್ದಾರೆ, ವಾಸನೆಯಿಲ್ಲ. ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಟಿವಿಯಲ್ಲಿ ಕಂಡರೆ ನಾನು ನೀರು ಕುಡಿಯುವ ನೆವದಲ್ಲಿ ಎದ್ದು ಹೋಗುತ್ತೇನೆ. ಫೋನು ಮಾಡಿದರೆ ರೋಜಿ ಅಕ್ಕನ ಮೊದಲ ಮಾತು ಇವತ್ತಿಗೂ ‘ಕೈ ಹೆಂಗೈತಿ?’ ಎಂದೇ. ಅದು ಎಂದೋ ಕೂಡಿಕೊಂಡಿದೆ. ಕೂಡಿಕೊಂಡಿದೆ ಎನ್ನಲು ನನಗೇ ನಾಚಿಕೆಯಾಗುತ್ತದೆ.

ಅಂದು ಅವಳು ‘ನಂಗ ನಿನ್ನ ಕೈನ ಕಂಡ್ತು’ ಎಂದ ಮರುದಿನ ಬೆಳಿಗ್ಗೆ, ಬೇರೆ ಯಾರೂ ಬರುವ ಮೊದಲೇ, ನಾನೊಬ್ಬಳೇ ತಾಲೀಮಿಗೆ ಹೋದೆ. ಮಣ್ಣನ್ನು ಸಲಿಕೆಯಿಂದ ಸಡಿಲ ಮಾಡಿದೆ. ಗದ್ದ ಒಳಗೆಳೆದು, ಎರಡೂ ಕೈಗಳನ್ನು ಎದೆಗೊತ್ತಿಕೊಂಡು, ಹೆಗಲ ಮೇಲೆ ಬಿದ್ದೆ. ಎದ್ದು ಮತ್ತೆ ಬಿದ್ದೆ. ಹುಡುಗಿಯರು ಬಂದು ಸುತ್ತ ನಿಲ್ಲುವವರೆಗೂ, ಒಮ್ಮೆಯೂ ಕೈ ಊರದೆ, ಬೀಳುತ್ತಲೇ ಇದ್ದೆ.