ಇಟಲಿ ಗಾಡಿಯ ಮೊದಲ ಮಾಲೀಕರು

ಹಳೇ ಕಾರಿನ ಹುಚ್ಚು ಹಿಡಿದವರು ನನ್ನ ಗಾಡಿ ಕಂಡರೆ ಮೊದಲು ಬಾನೆಟ್ಟಿನ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಸ್ಟೇರಿಂಗ್ ಹಿಂದೆ ಕೂತ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಿ, "ಮೊದ್ಲು ಯಾರ್ದಿತ್ರಿ ಮೇಡಂ ಇದು?" ಅನ್ನುತ್ತಾರೆ. ಈಗ ಯಾರದು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಹೆಂಗಸಿನ ಕೈಗೆ ಇಂಥ ಗಾಡಿ ಹೇಗೆ ಬಂತು ಎಂಬ ಅನುಮಾನ ಆ ಪ್ರಶ್ನೆಯೊಳಗೇ ಇರುತ್ತದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲೂ ಹೇಳುತ್ತಾರೆ, ಶಾಲೆಯಲ್ಲೂ ಹೇಳುತ್ತಾರೆ. ಹೇಳಲಿ. ಕೆಲವು ಸಿಟ್ಟುಗಳನ್ನು ನಾನು ಬೇಕೆಂದೇ ಸಾಕಿಕೊಂಡಿದ್ದೇನೆ.

ಗಾಡಿಯ ನಕಾಶೆ ಇಟಲಿಯದು, ಕೂಡಿಸಿದ್ದು ಮುಂಬೈಯಲ್ಲಿ, ಅರವತ್ತರ ದಶಕದ ಮಾಡೆಲ್ಲು. ನಾನೀಗ ಇರುವ ಹಗರಿಬೊಮ್ಮನಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಅದು ಇಟಲಿ ಗಾಡಿ. ದುಂಡನೆಯ ದೀಪ, ಕೆನೆ ಬಣ್ಣ, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದಿನ ಬಾಗಿಲಲ್ಲಿ ಗಾಳಿಗೆಂದು ಒಂದು ಪುಟ್ಟ ಮುಕ್ಕೋನದ ಗಾಜು. ಭಾನುವಾರ ಬೆಳಿಗ್ಗೆ ಹಳೇ ಬನಿಯನ್ ಬಟ್ಟೆ ಹಿಡಿದು ಒರೆಸಲು ಕೂತರೆ ನನಗೆ ತಿಂಡಿಯ ನೆನಪೂ ಆಗುವುದಿಲ್ಲ. ಜಂಬವೇ ಎಂದರೆ ಹೌದು, ಜಂಬವೇ. ಸಂತೆಯ ದಿನ ಕೆಲಸವಿಲ್ಲದಿದ್ದರೂ ಬಸ್‌ಸ್ಟ್ಯಾಂಡಿನ ಮುಂದೆ ನಿಧಾನಕ್ಕೆ ಒಂದು ಸುತ್ತು ಹಾಕಿ ಬರುತ್ತೇನೆ.

ಮೊದಲು ಅದು ನಮ್ಮೂರ ಸಾಹುಕಾರರದಾಗಿತ್ತು. ತಂಬ್ರಹಳ್ಳಿಯ ಆಚೆ ನಮ್ಮೂರು, ಊರ ಹೊರಗಿನ ಕೇರಿಯಲ್ಲಿ ನಮ್ಮ ಮನೆ. ಅಪ್ಪ ಸಾಹುಕಾರರ ಮನೆಯಲ್ಲಿ ಆಳು. ಕಾರು ನಡೆಸಲು ಬೇರೆ ಡ್ರೈವರ್ ಇದ್ದ. ಅಪ್ಪನ ಪಾಲಿಗೆ ಬಂದದ್ದು ಅದನ್ನು ತೊಳೆಯುವುದು ಮತ್ತು ದೂಡುವುದು. ಬ್ಯಾಟರಿ ಯಾವಾಗಲೂ ಸತ್ತಿರುತ್ತಿತ್ತು, ಹೊಸದು ಹಾಕಿಸಲು ಸಾಹುಕಾರರಿಗೆ ಮನಸ್ಸಿರಲಿಲ್ಲ. ಬಿಟ್ಟಿ ದೂಡುವವನು ಇರುವಾಗ ಯಾಕೆ ಹಾಕಿಸಬೇಕು? ಅವರು ಒಳಗೆ ಕೂತ ಮೇಲೆ ಅಪ್ಪ ಡಿಕ್ಕಿಗೆ ಎರಡೂ ಅಂಗೈ ಕೊಟ್ಟು ಕೆರೆ ಏರಿಯ ಇಳಿಜಾರಿನವರೆಗೆ ದೂಡುತ್ತಿದ್ದ. ಇಂಜಿನ್ ಹತ್ತಿಕೊಂಡರೆ ಗಾಡಿ ಅವನ ಮುಖಕ್ಕೆ ಹೊಗೆ ಬಿಟ್ಟು ಹೊರಟುಹೋಗುತ್ತಿತ್ತು.

ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯಿಂದ ವಾಪಸು ಹೊರಡುವಾಗಲೂ ದೂಡಲು ಆಳು ಬೇಕಲ್ಲ. ಅದಕ್ಕೆ ಅಪ್ಪ ಸೈಕಲ್ ಹತ್ತಿ ಗಾಡಿಯ ಧೂಳಿನ ಹಿಂದೆಯೇ ಹೋಗುತ್ತಿದ್ದ. ಅಲ್ಲಿ ಅವರ ಕೆಲಸ ಮುಗಿಯುವವರೆಗೆ ಬೇವಿನ ಗಿಡದ ಕೆಳಗೆ ಕಾದು, ಮತ್ತೆ ದೂಡಿ, ಮತ್ತೆ ಸೈಕಲ್ ತುಳಿದು ಮನೆಗೆ ಬರುತ್ತಿದ್ದ. ಹಿಂದಿನ ಸೀಟಿನಲ್ಲಿ ಸಾಹುಕಾರರು ಒಬ್ಬರೇ. ಮುಂದೆ ಡ್ರೈವರನ ಪಕ್ಕದ ಜಾಗ ಖಾಲಿ. ಅದೇ ಸೀಟನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದವನು ಅಪ್ಪ. ಒರೆಸುವ ಕೈ ನಡೆಯುತ್ತಿತ್ತು, ಕೂರುವ ಮೈ ನಡೆಯುತ್ತಿರಲಿಲ್ಲ.

ಸಾಹುಕಾರರು ತೀರಿಕೊಂಡರು, ಮಕ್ಕಳು ದಾವಣಗೆರೆಗೆ ಹೋದರು. ಗಾಡಿ ಎಲ್ಲೋ ಬಿದ್ದು, ಯಾರ ಯಾರದೋ ಕೈ ಬದಲಾಗಿ, ಕೊನೆಗೆ ಕೊಟ್ಟೂರಿನ ಒಬ್ಬ ಗುಜರಿಯವನ ಹಿತ್ತಲಿಗೆ ಬಂದಿತ್ತು. ಅಲ್ಲಿ ಇಂಜಿನ್ ಕೆಲಸ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು ನಮ್ಮೂರ ಕಡೆಯವರು. ನಂಬರ್ ನೋಡಿ ಗುರುತು ಹಿಡಿದು ನನಗೆ ಫೋನ್ ಮಾಡಿದರು. ನಾನು ಅವತ್ತೇ ಹೋದೆ. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟಿದ್ದವು. ಯೋಚನೆ ಮಾಡದೆ ತೆಗೆದುಕೊಂಡೆ. ಅದನ್ನು ರಸ್ತೆಗೆ ತರಲು ಆ ಮೇಸ್ತ್ರಿಗೂ ನನಗೂ ಎರಡು ವರ್ಷ ಹಿಡಿಯಿತು. ರಜೆಯ ದಿನಗಳಲ್ಲಿ ಕೊಟ್ಟೂರಿಗೆ ಹೋಗಿ ಅವರ ಪಕ್ಕದಲ್ಲಿ ಕೂತು ಕಾರ್ಬೊರೇಟರ್ ಬಿಚ್ಚಿ ಜೋಡಿಸುವುದನ್ನೂ ಕಲಿತೆ. ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರು ಬಂದ ದಿನ ಶಾಲೆಯಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದೆ.

ಗಾಡಿ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲಿದ್ದ. ಅವ್ವ ಹೋದ ಮೇಲೆ ಅವನು ನನ್ನ ಜೊತೆಗೇ ಇದ್ದಾನೆ. ಮೆಟ್ಟಿಲಿಳಿದು ಬಂದು ಗಾಡಿಯನ್ನು ಒಂದು ಸುತ್ತು ಬಂದ. ಡಿಕ್ಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತ.

"ಸಾವ್ಕಾರ್ರ ಗಾಡಿ ಅಲ್ಲನವ್ವಾ ಇದು?" ಅಂದ.

"ಹೂನಪ್ಪಾ, ಅದಾ. ಹೆಂಗ್ ಮಾಡ್ಸೀನಿ ನೋಡು. ಬಾ, ಕುಂದ್ರು, ಒಂದ್ ಸುತ್ ಹೋಗಿ ಬರಾಣ."

"ಬ್ಯಾಡವ್ವಾ. ನೀ ಹೋಗಿ ಬಾ."

ಅವತ್ತಿನಿಂದ ಅಪ್ಪ ಆ ಗಾಡಿ ಹತ್ತಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂರುತ್ತಾನೆ, ಬಸ್ಸಿನಲ್ಲಿ ಕೂರುತ್ತಾನೆ, ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲೂ ಕೂತು ಬರುತ್ತಾನೆ. ಈ ಗಾಡಿ ಮಾತ್ರ ಬೇಡ. ಕೂಡ್ಲಿಗಿಯಲ್ಲಿ ನೆಂಟರ ಮದುವೆಯೆಂದರೆ ನಾನು ಕಾರಿನಲ್ಲಿ, ಅವನು ಕೆಂಪು ಬಸ್ಸಿನಲ್ಲಿ. ಎಷ್ಟು ಸಲ ಕರೆದೆನೋ, ಎಷ್ಟು ಸಲ ರೇಗಿದೆನೋ. ಸತ್ತ ಸಾಹುಕಾರರಿಗೆ ಇವನು ಈಗಲೂ ಹೆದರುತ್ತಾನೆ, ಆಳಿನ ಬುದ್ಧಿ ಇನ್ನೂ ಮೈಯಿಂದ ಇಳಿದಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಸಾಹುಕಾರರ ಮೇಲಿನ ಸಿಟ್ಟಿನಲ್ಲಿ ಅರ್ಧ ಅಪ್ಪನ ಮೇಲೆ ಬಿತ್ತು. ನನ್ನ ಮಕ್ಕಳೆದುರಿಗೇ ಅವನನ್ನು ಆಡಿಕೊಂಡದ್ದೂ ಉಂಟು.

ಈ ನಡುವೆ ಹಳೇ ಕಾರಿನವರ ಒಂದು ಸಂಘಕ್ಕೆ ಸೇರಿದೆ. ಐದು ತಾಲೂಕಿನವರು ಸೇರಿ ಹತ್ತು ಹನ್ನೆರಡು ಜನ. ಬಹುತೇಕ ಎಲ್ಲರದೂ ಇಟಲಿ ಮಾಡೆಲ್ಲೇ. ಹರಪನಹಳ್ಳಿಯ ಡಾಕ್ಟರೊಬ್ಬರು ನಮ್ಮ ಅಧ್ಯಕ್ಷರು. ಹಿಂದಿನ ದೀಪದ ಒಂದು ಗಾಜನ್ನು ಇಟಲಿಯಿಂದಲೇ ತರಿಸಿ, ಹತ್ತಿಯಲ್ಲಿ ಸುತ್ತಿ, ನಮಗೆಲ್ಲ ದೂರದಿಂದ ತೋರಿಸಿ ಮತ್ತೆ ಬೀರುವಿನಲ್ಲಿ ಇಟ್ಟವರು. ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರು ಮೋಡ ಕಂಡರೆ ಗಾಡಿ ಹೊರಗೆ ತೆಗೆಯುವುದಿಲ್ಲ. ಇವರ ಮಾತೆಲ್ಲ ಎರಡೇ ವಿಷಯ. ಯಾವುದು ಒರಿಜಿನಲ್ಲು, ಮೊದಲು ಯಾರದು. "ಹಿಸ್ಟರಿ ಇಲ್ಲದ ಗಾಡಿ ಬರೀ ತಗಡು ಮೇಡಂ," ಎಂದು ಡಾಕ್ಟರು ಮೊದಲ ಸಭೆಯಲ್ಲೇ ಹೇಳಿದರು. ಒಬ್ಬರ ಗಾಡಿ ಜಮೀನ್ದಾರರದು, ಇನ್ನೊಬ್ಬರದು ದೊಡ್ಡ ವಕೀಲರದು. ನನ್ನ ಸರದಿ ಬಂದಾಗ ನಾನೂ ಬಿಡಲಿಲ್ಲ. ಸಾಹುಕಾರರ ಹೆಸರು ಹೇಳಿದೆ. ಎಲ್ಲರೂ ಓಹೋ ಅಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆ ಓಹೋ ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಏನು ಉಪಯೋಗ. ಆಮೇಲೆ ಕೇಳಿದವರಿಗೆಲ್ಲ, ಒಳಗೊಳಗೆ ಕುದಿಯುತ್ತಲೇ, ಅದೇ ಹೆಸರು ಹೇಳುತ್ತ ಬಂದೆ.

ಕಳೆದ ಚಳಿಗಾಲ ಹಡಗಲಿಯ ಒಂದು ಮೈದಾನದಲ್ಲಿ ನಮ್ಮ ಗಾಡಿಗಳ ಪ್ರದರ್ಶನ ಇಟ್ಟುಕೊಂಡೆವು. ಅದಕ್ಕೊಂದು ಅರ್ಜಿ. ಅದರಲ್ಲಿ "ವಾಹನದ ಇತಿಹಾಸ" ಎಂದು ನಾಲ್ಕು ಸಾಲಿನ ಜಾಗ. ನಾನು ಮುದ್ದಾಗಿ ಬರೆದುಕೊಟ್ಟೆ. ಪ್ರತಿಷ್ಠಿತ ಮನೆತನ, ಆ ಕಾಲಕ್ಕೆ ಸುತ್ತ ಹಳ್ಳಿಗಳಿಗೆಲ್ಲ ಒಂದೇ ಕಾರು, ಎಷ್ಟೋ ಗಣ್ಯರು ಇದರಲ್ಲಿ ಕೂತು ಪ್ರಯಾಣ ಮಾಡಿದ್ದಾರೆ, ಹೀಗೆ. ಯಾರೂ ಒತ್ತಾಯ ಮಾಡಿ ಬರೆಸಿದ್ದಲ್ಲ.

ಅಪ್ಪನೂ ನೋಡಲು ಬಂದಿದ್ದ, ಬಸ್ಸಿನಲ್ಲೇ. ಪ್ರತಿ ಗಾಡಿಯ ಮುಂದೆ ಒಂದು ಬೋರ್ಡು ನಿಲ್ಲಿಸಿದ್ದರು. ನನ್ನ ಗಾಡಿಯ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಸಾಹುಕಾರರ ಹೆಸರು. ಅದರ ಕೆಳಗೆ ನನ್ನ ನಾಲ್ಕು ಸಾಲು. ತೀರಾ ಕೆಳಗೆ, ಔಷಧಿ ಡಬ್ಬಿಯ ಮೇಲೆ ಬರೆದಿರುತ್ತದಲ್ಲ ಅಷ್ಟು ಸಣ್ಣಕ್ಷರದಲ್ಲಿ, "ಈಗಿನ ಪಾಲಕರು" ಎಂದು ನನ್ನ ಹೆಸರು. ಪಾಲಕರಂತೆ. ಡಾಕ್ಟರನ್ನು ಕೇಳಿದೆ. "ದೊಡ್ಡ ಗಾಡಿಗೆಲ್ಲಾ ಹಂಗೇ ಬರೆಯೋದು ಮೇಡಂ. ನಾವೆಲ್ಲಾ ನೋಡ್ಕಳ್ಳೋರು ಅಷ್ಟೇ," ಎಂದು ನಕ್ಕರು. ಅವರ ಬೋರ್ಡಿನಲ್ಲಿ ಮಾತ್ರ ಮಾಲೀಕರು ಎಂದೇ ಇತ್ತು.

ಹನ್ನೊಂದು ಗಂಟೆಗೆ ಸಾಹುಕಾರರ ಮೊಮ್ಮಗ ಬಂದ. ನನ್ನ ನಾಲ್ಕು ಸಾಲು ಓದಿದ ಡಾಕ್ಟರು ಹುಡುಕಿ ಹಿಡಿದು, ದಾವಣಗೆರೆಯಿಂದ ಅತಿಥಿಯಾಗಿ ಕರೆಸಿದ್ದರು. ಬಂದವನೇ ಹೇಳದೆ ಕೇಳದೆ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡ. "ನಮ್ಮಜ್ಜನ ಕಾರು. ಚೆನ್ನಾಗಿ ನೋಡ್ಕಂಡೀರಿ ಮೇಡಂ," ಅಂದ, ತೋಟದ ಮಾಲಿಗೆ ಹೇಳಿದ ಹಾಗೆ. ಪಕ್ಕದಲ್ಲಿ ನಿಂತಿದ್ದ ಅಪ್ಪನ ಮೇಲೆ ಕಣ್ಣು ಬಿತ್ತು. ಚಿಕ್ಕವನಿದ್ದಾಗ ನೋಡಿದ್ದ ನೆನಪಿರಬೇಕು. "ಏನಪಾ, ಇನ್ನೂ ಇದೀಯಾ ನೀನು?" ಅಂದ. ವಯಸ್ಸಿನಲ್ಲಿ ಅಪ್ಪ ಅವನಿಗೆ ಅಜ್ಜನಾಗಬೇಕು.

"ಅದೀನ್ರಿ," ಅಂದ ಅಪ್ಪ.

ನನ್ನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅವನು ಇಳಿದ ಮೇಲೆ ಬಾಗಿಲು ಹಾಕಿದೆ, ಅಷ್ಟೇ.

ಇತಿಹಾಸವುಳ್ಳ ಗಾಡಿ ಎಂದು ಮೊದಲ ಬಹುಮಾನ ನನ್ನ ಗಾಡಿಗೇ ಬಂತು. ವೇದಿಕೆಗೆ ಕರೆದು ಮೈಕ್ ಕೊಟ್ಟರು. ತರಗತಿಯಲ್ಲಿ ಅಷ್ಟು ಮಾತಾಡುವ ನನಗೆ ಅಲ್ಲಿ ಏನು ಮಾತು ಬಂತೆಂದರೆ, "ಇದರ ಶ್ರೇಯಸ್ಸು ಸಾಹುಕಾರರ ಮನೆತನಕ್ಕೆ ಸಲ್ಲಬೇಕು." ಚಪ್ಪಾಳೆ ಬಿತ್ತು. ಎದುರಿನ ಸಾಲಿನಲ್ಲಿ ಮೊಮ್ಮಗ ಕೈ ಮುಗಿದ.

ಕೆಳಗಿಳಿದಾಗ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದ. ಇಡೀ ದಿನದ ಸಿಟ್ಟನ್ನು ನಾನು ಅವನ ಮೇಲೆ ಸುರಿದೆ.

"ಇವತ್ತರ ಕುಂದ್ರಪ್ಪಾ ಗಾಡ್ಯಾಗ. ಅವ ಹೆಂಗ್ ಬಂದು ಕುಂತ ನೋಡಿದ್ಯಲ್ಲ. ನಿನಗ ಇನ್ನಾ ಎಂಥಾ ಹೆದ್ರಿಕಿ? ಅವ್ರು ಸತ್ತು ಎಷ್ಟ್ ವರ್ಷಾತು?"

ಅಪ್ಪ ನಿಂತ. ದನಿ ಏರಿಸಲಿಲ್ಲ. ಅವನು ಯಾವತ್ತೂ ಏರಿಸಿದವನಲ್ಲ.

"ಹೆದ್ರಿಕಿ ಯಾರಿಗೈತವ್ವಾ? ಗಾಡಿ ತಂದ ದಿನ ಸಾವ್ಕಾರ್ರುದೇನು ಅಂತ ಕೇಳಿದ್ನಿ, ಹೂಂ ಅಂದಿ. ಮಂದಿ ಕೇಳಿದ್ರ ಅವ್ರ ಹೆಸ್ರು ಹೇಳ್ತಿ. ಬೋರ್ಡಿನ್ಯಾಗ ಅವ್ರ ಹೆಸ್ರು ಬರ್ಸಿದಿ. ಈಗ ಮೈಕಿನ್ಯಾಗೂ ಅದನ್ನಾ ಹೇಳಿದಿ. ಸಾವ್ಕಾರ್ರ ಗಾಡ್ಯಾಗ ನಾ ಯಾಕ ಕುಂದ್ರಲಿ? ನನಗೇನು ಕಾಲಿಲ್ಲೇನು? ನಿನ್ ಗಾಡಿ ಆದ್ರ ಹೇಳು, ಹತ್ತೀನಿ."

ಹೇಳಿ ಹೊರಟುಬಿಟ್ಟ. ನಾನು ಬಹುಮಾನದ ಫಲಕ ಹಿಡಿದುಕೊಂಡು ಅಲ್ಲೇ ನಿಂತೆ. ಇಷ್ಟು ವರ್ಷ ಯಾರನ್ನು ಆಳಿನ ಬುದ್ಧಿಯವನು ಎಂದು ಬೈದಿದ್ದೆನೋ ಅವನು ಒಂದು ಸಲವೂ ತಗ್ಗಿರಲಿಲ್ಲ. ತಗ್ಗಿದ್ದು ನಾನು, ಅದೂ ಮೈಕ್ ಹಿಡಿದುಕೊಂಡು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟೇ ಬಂತು, ಮತ್ತು ಈ ಸಲ ಅದನ್ನು ದಾಟಿಸಲು ಬೇರೆ ಯಾರೂ ಸಿಗಲಿಲ್ಲ.

ಗಾಡಿಯ ಹತ್ತಿರ ಹೋಗಿ ಬೋರ್ಡನ್ನು ಕಿತ್ತೆ. ತಂತಿ ಬಿಗಿದಿದ್ದರು, ಬೆರಳು ಕುಯ್ದುಕೊಂಡಿತು. ಡಾಕ್ಟರು ಓಡಿಬಂದರು. "ಮೇಡಂ, ಮೇಡಂ, ಬೋರ್ಡು ಸಂಘದ್ದು."

"ತಗಂಡ್ ಹೋಗ್ರಿ. ಬೋರ್ಡು ನಿಮ್ದು, ಗಾಡಿ ನಂದು," ಅಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಬೇಕಾದವನು ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿ ಹೋಗಿದ್ದ.