ಮಷೀನು ಯಾರ ಕೈಯಾಗಿತ್ತು

ಕಾರಿನ ಗಾಲಿ ನಟ್ಟು ಬಿಚ್ಚೋ, ಬ್ಯಾಟರಿ ಮೇಲೆ ನಡಿಯೋ ಸಸ್ತಾ ಮಷೀನು ತರಿಸಿದಾಕಿ ನಾನು. ಕಲಬುರಗಿಯ ಬ್ರಹ್ಮಪುರದ ನಮ್ಮ ಮನ್ಯಾಗ ನನ್ನ ಗಂಡ ಅದನ್ನ ನೋಡಿ, "ಹುಡುಗರ ಆಟಗಿ ಸಾಮಾನು" ಅಂತ ನಕ್ಕಿದ್ರು.

ಕಮಲಾಪುರದ ತವರಿಗೆ ಹೊಂಟಾಗ ದಾರ್ಯಾಗ ಟೈರು ಪಂಕ್ಚರ್ ಆತು. ನಾನು ಸೆರಗು ಸಿಗಿಸಿ ಕುಂತು ಗರ್ರ್ ಅನಿಸಿದೆ. ಒಂದು ನಟ್ಟಿಗೆ ಮಷೀನು ಬರೇ ನಡುಗಿತು. ಅದಕ್ಕ ಕೈಲೆ ತಿರುವೋ ಪಾನಾ ಹಾಕಿ, ಅದರ ಮೇಲೆ ಹತ್ತಿ ನಿಂತು ಬಿಚ್ಚಿದೆ. ಗಂಡ ಬಿಳಿ ಅಂಗಿ ಮಾಸದಂಗ ದೂರ ನಿಂತಿದ್ರು.

ಸ್ಟೆಪ್ನಿ ಕೂಡಿಸಾಕತ್ತಾಗ ಬೈಕಿನಾವ ಒಬ್ಬ ನಿಂತು, ನನ್ನ ತಲಿ ಮ್ಯಾಲಿಂದ ಅವರನ್ನ ಕೇಳಿದ: "ಅಣ್ಣಾರ, ಮಷೀನ್ ಭಾರಿ ಅದರೀ! ಹೆಂಗ ನಡೀತದ?"

"ಒಂದ್ ನಂಬರ್. ನೋಡಿ ತಗೋಬೇಕು, ಅಷ್ಟ," ಅಂದ್ರು ನಮ್ಮವರು.

ನನಗ ಪಿತ್ತ ನೆತ್ತಿಗೇರಿತು. ಉಳಿದ ನಟ್ಟು ಮುಂದ ಯಾರೂ ಬಿಚ್ಚಬಾರದು ಅನ್ನುವಂಗ ಬಿಗಿದೆ.

ತವರಿನಾಗ ಅವ್ವ ನನ್ನ ಮಸಿ ಹತ್ತಿದ ಕೈ ನೋಡಿದಳು, ಪಂಕ್ಚರ್ ಆದ ಕಥಿ ಪೂರಾ ಕೇಳಿದಳು. ಆಮ್ಯಾಲೆ ಬಿಸಿನೀರು ತಂದು ಅವರ ಮುಂದಿಟ್ಟಳು.

"ಪಾಪ, ಅಳಿಯಂದ್ರಿಗೆ ಭಾಳ ತ್ರಾಸ ಆತು. ಕೈ ತೊಳ್ಕೋರಿ."

ಅವರು ತೊಳಕೊಂಡ್ರು, ಅದೂ ಸಾಬಣ ಹಚ್ಚಿ.