ನನ್ನ ನಡಿಗೆಗೆ ಚಪ್ಪಾಳೆ ತಟ್ಟಿದವನು

ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಮಸಾಲೆ ಖಾರ ಮಾಡಿ ಮಾರುವುದು ಅತ್ತೆಯ ಕಾಲದಿಂದ ಬಂದ ಕಸುಬು. ಹುರಿಯುವವರು, ಕುಟ್ಟುವವರು, ಪೊಟ್ಟಣ ಕಟ್ಟುವವರು ಬೇರೆ ಬೇರೆ; ಮೆಣಸಿನಕಾಯಿ ಆರಿಸಿ ತರುವವಳು ಮಾತ್ರ ನಾನು. ಮಾಲು ಬ್ಯಾಡಗಿ ಪೇಟೆ ಸೇರುವ ಮೊದಲೇ ಸ್ಕೂಟಿ ಹತ್ತಿ ಹಳ್ಳಿಗಳಿಗೆ ಹೋಗಿ, ಒಣಹಾಕಿದ ಕಾಯಿಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಸುಕ್ಕು ನೋಡಿ, ರೈತನ ಮನೆಯಾಕೆಯ ಜೊತೆ ಸೆರಗಿನ ಕೆಳಗೆ ಬೆರಳು ಹಿಡಿದು ದರ ಮುಗಿಸಿ ಬರುತ್ತೇನೆ. ಪಕ್ಕದಲ್ಲಿ ನಿಂತವರಿಗೆ ದರ ತಿಳಿಯಬಾರದು, ಯಾವ ಹೊಲದ ಕಾಯಿ ಎಂದು ಯಾರಿಗೂ ಗೊತ್ತಾಗಬಾರದು. ಇದು ಅತ್ತೆ ಹಾಕಿಕೊಟ್ಟ ಕಟ್ಟಳೆ. ಮನೆಯ ಕೆಲಸ ಯಾವುದನ್ನು ಬೇಕಾದರೂ ಬಿಡಬಲ್ಲೆ, ಈ ತಿರುಗಾಟ ಬಿಡಲಾರೆ.

ಅದನ್ನೇ ಬಿಡು ಎನ್ನುವ ಪ್ರಸಂಗ ಕಳೆದ ಸುಗ್ಗಿಯಲ್ಲಿ ಬಂತು. ಅಗಡಿ ಹಳ್ಳಿಯ ಹೊಲವೊಂದರಲ್ಲಿ ನಾನು ದರದ ಮಾತು ಮುಗಿಸಿ ಬಂದ ಮರುದಿನವೇ ನಮ್ಮೂರಿನ ಇನ್ನೊಬ್ಬ ಖಾರದ ವ್ಯಾಪಾರಿಯ ಗಾಡಿ ಅದೇ ಹೊಲದ ಬದಿಗೆ ನಿಂತಿತು. ನನಗಿಂತ ಹೆಚ್ಚು ದರ ಹೇಳಿ ಕಾಯಿ ಎತ್ತಿಕೊಂಡು ಹೋದ. ಮುಂದಿನ ವಾರ ಮೋಟೆಬೆನ್ನೂರಿನಲ್ಲೂ ಹಾಗೇ ಆಯಿತು. ಅತ್ತೆ ನನ್ನನ್ನು ಎದುರು ಕೂರಿಸಿಕೊಂಡರು.

"ನಿನ್ನ ಬಾಯಿ ಭಾಳ ಸಡಲ ಐತಿ. ಹೂವು ಮಾರಾಕಿ ಮುಂದ ಕುಂತ್ರೂ ಮನಿ ಸುದ್ದಿ ಹೇಳ್ತಿ. ಮುಂದಿನ ವಾರದಿಂದ ನನ್ನ ಮಗಾ ಹೋಗ್ಲಿ, ನೀ ಖಾರ ಕುಟ್ಟೋ ಗಿರಣಿ ನೋಡ್ಕೋ."

ನನ್ನ ಗಂಡ ದೇವರಂಥವರು, ಆದರೆ ಅವರ ಕಣ್ಣಿಗೆ ಕೆಂಪಗಿದ್ದದ್ದೆಲ್ಲ ಒಳ್ಳೆಯ ಮೆಣಸಿನಕಾಯಿಯೇ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾತುಗಾರ್ತಿ, ಇಲ್ಲ ಎನ್ನುವುದಿಲ್ಲ. ಆದರೆ ಕಾಯಿಯ ವಿಷಯ ಒಂದು ದಿನವೂ ನನ್ನ ತುಟಿ ದಾಟಿಲ್ಲ. ಮಾಡದ ತಪ್ಪಿಗೆ ಕೆಲಸ ಕಳೆದುಕೊಳ್ಳುವುದೆಂದರೆ ಏನು!

ಹಾವೇರಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ತಮ್ಮ ಆ ಭಾನುವಾರ ಊಟಕ್ಕೆ ಬಂದಿದ್ದ. ಫೋನಿನ ವಿಷಯದಲ್ಲಿ ಅವನದು ಮಡಿವಂತಿಕೆ. ಅಂಗಡಿಯಿಂದ ತಂದ ಫೋನಿನೊಳಗಿನ ತಂತ್ರಾಂಶವನ್ನೇ ತೆಗೆದುಹಾಕಿ, ಯಾರೂ ಹಣಕಿ ನೋಡದಂಥ ಬೇರೊಂದನ್ನು ಹಾಕಿಕೊಂಡಿದ್ದ. "ಅದರಾಗ ಏನ್ ಬಂಗಾರ ಬಚ್ಚಿಟ್ಟೀಯೋ?" ಎಂದು ನಾನು ಯಾವಾಗಲೂ ಕಾಡುತ್ತಿದ್ದೆ. ಅಂದು ಕಾಡುವ ಉಮೇದು ಇರಲಿಲ್ಲ. ನಡೆದದ್ದನ್ನು ಹೇಳಿದೆ. ಅವನು ಕೈ ತೊಳೆದು ನನ್ನ ಫೋನ್ ತೆಗೆದುಕೊಂಡ.

"ಅಕ್ಕಾ, ಈ ನಡಿಗಿ ಆ್ಯಪ್ ಯಾಕ ಹಾಕ್ಕೊಂಡಿ?"

"ನಮ್ಮ ವಾಕಿಂಗ್ ಗುಂಪಿಂದು. ಎಲ್ಲಾರಿಗಿಂತ ನಾನ ಮುಂದ ಅದೇನಿ, ನೋಡು."

"ನೋಡೀನಿ. ಕೆಳಗಿನ ನಕ್ಷೆ ನೀ ನೋಡೀಯೇನು?"

ನೋಡಿರಲಿಲ್ಲ. ನನ್ನ ಕಣ್ಣು ಹೆಜ್ಜೆಗಳ ಲೆಕ್ಕದ ಮೇಲೆ, ಹೆಸರಿನ ಮುಂದಿನ ಕಿರೀಟದ ಮೇಲೆ. ತಮ್ಮ ಅದನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದ. ಅಗಡಿಯ ಹೊಲ, ನಾನು ನಡೆದ ಬದು, ಕಾಯಿಯ ಸುತ್ತ ಹಾಕಿದ ಸುತ್ತು, ಎಲ್ಲವೂ ನೀಲಿ ಗೆರೆಯಲ್ಲಿ. ಗುಂಪಿನವರೆಲ್ಲ ಅದನ್ನು ನೋಡಬಹುದಿತ್ತು. ಕೆಳಗೆ ಚಪ್ಪಾಳೆ ಒತ್ತಿದವರ ಹೆಸರುಗಳಿದ್ದವು. ಪ್ರತಿ ನಡಿಗೆಗೂ ತಪ್ಪದೆ ಒತ್ತಿದವನು ಒಬ್ಬನೇ, ನಮ್ಮ ಗುಂಪಿನಲ್ಲೇ ಇದ್ದ ಆ ವ್ಯಾಪಾರಿ. ನನ್ನ ಆರೋಗ್ಯದ ಮೇಲೆ ಎಷ್ಟು ಕಾಳಜಿ ಮಹಾರಾಯನಿಗೆ!

ಅತ್ತೆ ನಂಬಲಿಲ್ಲ. "ಫೋನಿಗೆ ಬಾಯಿ ಐತೇನ?" ಎಂದರು. ಆ್ಯಪ್ ತೆಗೆಯಲು ತಮ್ಮ ಹೊರಟಾಗ ನಾನೇ ತಡೆದೆ. "ಇವತ್ತೊಂದು ದಿನ ಇರ್ಲಿ" ಎಂದು ಫೋನ್ ಹಿಡಿದು ಮೋಟೆಬೆನ್ನೂರಿನ ಆಚೆ, ಹೆದ್ದಾರಿ ಬದಿಯ ಇಟ್ಟಂಗಿ ಭಟ್ಟಿಗೆ ಹೋದೆ. ಕಾಯಿ ನೋಡುವ ಗತ್ತಿನಲ್ಲೇ ಭಟ್ಟಿಯ ಸುತ್ತ ನಿಧಾನವಾಗಿ ತಿರುಗಿದೆ. ಕೆಲಸದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಸಂಜೆಯ ಹೊತ್ತಿಗೆ ಅವನ ಚಪ್ಪಾಳೆ ಬಂತು.

ಮರುದಿನ ಬೆಳಿಗ್ಗೆ ಅತ್ತೆಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಭಟ್ಟಿಯ ಎದುರಿನ ಚಹಾದಂಗಡಿಗೆ ಕರೆದೊಯ್ದೆ. ಚಹಾ ಮುಗಿಯಿತು, ಮಿರ್ಚಿ ಬಜಿ ಮುಗಿಯಿತು. ಆ ವ್ಯಾಪಾರಿ ಬರದಿದ್ದರೆ ನಾನು ಜನ್ಮಪೂರ್ತಿ ಗಿರಣಿಯ ಪಾಲು. ಅತ್ತೆ "ನಡಿ, ಸಾಕು" ಎಂದು ಎದ್ದೇ ಬಿಟ್ಟಿದ್ದರು. ಆಗ ಗಾಡಿ ಬಂತು.

ಇಳಿದವನು ಫೋನ್ ನೋಡಿದ, ಭಟ್ಟಿ ನೋಡಿದ, ಮತ್ತೆ ಫೋನ್ ನೋಡಿದ. ಯಾರನ್ನೋ ಕೇಳಿದ, ಅವರು ಇಟ್ಟಂಗಿ ರಾಶಿಯತ್ತ ಕೈ ತೋರಿಸಿದರು. ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟ. ಅತ್ತೆ ರಸ್ತೆಯ ಈಚೆಯಿಂದಲೇ ಕೂಗಿದರು: "ಬರ್ರೀ, ಚಾ ಕುಡೀರಿ! ಈ ಸಲ ಇಟ್ಟಂಗಿ ಖಾರ ಮಾಡವ್ರಿದ್ದೀರೇನು?"

ಅವನು ಗಾಡಿ ಹತ್ತಿದ ರಭಸ ನೋಡಬೇಕಿತ್ತು. ಅತ್ತೆ ಬೆಂಚಿನ ಮೇಲೆ ಕುಸಿದು ಕಣ್ಣೀರು ಬರುವ ತನಕ ನಕ್ಕರು. ನಾನೂ ನಕ್ಕೆ. ನನ್ನ ನಗುವಿನಲ್ಲಿ ಸ್ವಲ್ಪ ಅಳುವೂ ಇತ್ತು.

ಅಂದೇ ಹಾವೇರಿಗೆ ಹೋಗಿ ತಮ್ಮನಿಗೆ ಫೋನ್ ಕೊಟ್ಟು, ಅವನ ಫೋನಿನಂತೆ ಮಾಡಿಸಿಕೊಂಡೆ. ಮೊದಲು ಪೇಚಾಟವಾಯಿತು. ಬ್ಯಾಂಕಿನ ಆ್ಯಪ್ ಮುನಿಸಿಕೊಂಡು ತೆರೆಯಲೇ ಇಲ್ಲ. ಆ ಕೆಲಸಕ್ಕೆ ಈಗಲೂ ಗಂಡನ ಫೋನೇ ಗತಿ. ಹೆಜ್ಜೆ ಎಣಿಸಲು ಹಾಕಿಕೊಟ್ಟ ಹೊಸ ಆ್ಯಪ್ ನನ್ನ ಹೆಸರು ಕೇಳಲಿಲ್ಲ, ನಂಬರ್ ಕೇಳಲಿಲ್ಲ. ಏನೂ ಕೇಳದವರ ಮೇಲೆ ನನಗೆ ಮೊದಲೇ ಅನುಮಾನ. ಅದನ್ನು ಬರೆದವರು ಒಳಗಿನದನ್ನೆಲ್ಲ ಬಿಚ್ಚಿಟ್ಟಿದ್ದಾರೆ, ತಿಳಿದವರು ಯಾರು ಬೇಕಾದರೂ ಪರೀಕ್ಷಿಸಬಹುದು ಎಂದು ತಮ್ಮ ವಿವರಿಸಿದ. ಕಾಯಿಯ ಚೀಲವನ್ನು ತಳದವರೆಗೆ ಸುರಿದು ತೋರಿಸುವ ರೈತನನ್ನು ನಾನು ನಂಬುತ್ತೇನೆ; ಇದನ್ನೂ ನಂಬಿದೆ. ಇಂಟರ್ನೆಟ್ ಇಲ್ಲದೆಯೇ ದಾರಿ ತೋರಿಸುವ ನಕ್ಷೆಯೊಂದು ಬಂತು. ಅದರಲ್ಲಿ ನಾನು ಗುರುತು ಹಾಕಿಕೊಂಡ ಹೊಲಗಳು ನನ್ನ ಫೋನಿನಲ್ಲೇ ಇರುತ್ತವೆ. ಗುಂಪಿನಲ್ಲಿ ಈಗ ನನಗೆ ಕಿರೀಟವಿಲ್ಲ. ಬೇಕಾಗಿಯೂ ಇಲ್ಲ.

ಗಂಡನನ್ನು ಕಳಿಸುವ ಮಾತನ್ನು ಅತ್ತೆ ಮತ್ತೆ ಎತ್ತುವ ಮೊದಲೇ, ಆ ವಾರವೇ ಐರಣಿ ಹಳ್ಳಿಯ ಕಡೆ ಹೊರಟೆ. ಹೊಳೆಯ ಹತ್ತಿರದ ಹೊಲವೊಂದರಲ್ಲಿ ಒಣಗುತ್ತಿದ್ದ ಕಾಯಿ ನೋಡಿ ನಿಂತಲ್ಲೇ ನಿಂತೆ. ಉದ್ದಕ್ಕೆ, ಕಡುಗೆಂಪು, ಮುಟ್ಟಿದರೆ ಅಂಗೈಗೆ ಬಣ್ಣ ಹತ್ತುವಂಥದು. ಮನೆಯಾಕೆಯ ಬೆರಳು ಹಿಡಿದು ದರ ಮುಗಿಸಿದೆ. ಮರುದಿನ ಟೆಂಪೋ ಜೊತೆ ಹೋಗುವಾಗ ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದಿದ್ದೆ. ಕಾಯಿ ಇದ್ದಲ್ಲೇ ಇತ್ತು. ಬೇರೆ ಯಾವ ಗಾಡಿಯೂ ಬಂದಿರಲಿಲ್ಲ.

ಚೀಲಗಳು ನಮ್ಮ ಅಂಗಳದಲ್ಲಿ ಇಳಿದವು. ಅತ್ತೆ ಒಂದು ಹಿಡಿ ಕಾಯಿ ತೆಗೆದು ಮೂಸಿದರು, ಮುರಿದರು, ಮತ್ತೆ ಮೂಸಿದರು.

"ಎಷ್ಟೋ ವರ್ಷ ಆತು ಇಂಥಾ ಕಾಯಿ ನೋಡಿ. ಯಾವೂರಿಂದ ತಂದಿ?"

"ಹೇಳಂಗಿಲ್ರಿ ಅತ್ತಿ."

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಗಾಬರಿಯಾದರು. ಅತ್ತೆ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಮಗನತ್ತ ತಿರುಗಿದರು.

"ಗಿರಣಿಗೆ ನೀನ ಹೋಗಪ್ಪಾ. ಕಾಯಿ ತರಾಕ ಈಕಿ ಅದಾಳ."